ಹಿಂದಿನದನ್ನು ಬಿಟ್ಟು ಮುಂದೆ ನಡೆಯುವುದು: ಮಲೆನಾಡಿನ ಕ್ರೈಸ್ತ ವಿಶ್ವಾಸಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ ಕಡೆಯ ಧರ್ಮಕೇಂದ್ರಗಳಲ್ಲೂ ಸಭೆಗಳಲ್ಲೂ ಈ ಪ್ರಶ್ನೆಗಳು ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತವೆ. ಕೆಥೋಲಿಕರ ಕ್ರಮಕ್ಕೂ ಪ್ರೊಟೆಸ್ಟೆಂಟರ ಕ್ರಮಕ್ಕೂ ನಿಜವಾದ ವ್ಯತ್ಯಾಸ ಇರುವ ಕಡೆ ಮಾತ್ರ ಬೇರೆಯಾಗಿ ಹೇಳಿದ್ದೇವೆ.

"ಹಿಂದಿನ ಸಂಗತಿಗಳನ್ನು ಮರೆತು" ಅಂತ ಬೈಬಲೇ ಹೇಳುತ್ತದೆ. ನನಗೆ ಮರೆಯಲು ಆಗುತ್ತಿಲ್ಲ. ವಿಶ್ವಾಸ ಕಡಿಮೆ ಅಂತಲೇ?

ಅಲ್ಲ. ಆ ಮಾತು ಇರುವುದು ಫಿಲಿಪ್ಪಿ 3:13ರಲ್ಲಿ. ಅದೊಂದನ್ನೇ ಓದದೆ ಅದೇ ಅಧ್ಯಾಯದ 4ನೇ ವಚನದಿಂದ ಓದಿ. ಎಂಟನೆಯ ದಿನದ ಸುನ್ನತಿ, ಬೆನ್ಯಾಮೀನನ ಕುಲ, ಫರಿಸಾಯ ಪಂಥ, ಸಭೆಯನ್ನು ಹಿಂಸಿಸಿದ್ದು ಎಂದು ಪೌಲ ತನ್ನ ಹಿಂದಿನದನ್ನೆಲ್ಲ ಸಾಲಾಗಿ ಎಣಿಸುತ್ತಾನೆ. ನೆನಪು ಅಳಿಸಿಹೋದವನಿಗೆ ಹೀಗೆ ಪಟ್ಟಿ ಕೊಡಲು ಬರುವುದಿಲ್ಲ. ಇನ್ನೊಂದನ್ನೂ ಗಮನಿಸಿ: ಆ ಪಟ್ಟಿಯಲ್ಲಿ ಹೆಚ್ಚಿನವು ಅವನು ಒಂದು ಕಾಲಕ್ಕೆ ಎದೆ ಉಬ್ಬಿಸಿ ಹೇಳಿಕೊಳ್ಳುತ್ತಿದ್ದ ಸಂಗತಿಗಳು. ನಾವು ಬಿಡಬೇಕಾದದ್ದು ಅಂದರೆ ಬರೀ ಕೆಟ್ಟ ನೆನಪು ಎಂದುಕೊಂಡಿರುತ್ತೇವೆ; ಪೌಲ ಬಿಟ್ಟದ್ದು ಬಿರುದುಗಳನ್ನು.

ಯೆಶಾಯ 43:18 ಹಳೆಯದನ್ನು ನೆನೆಯಬೇಡಿ ಅನ್ನುತ್ತದೆ. ಮೂರೇ ಅಧ್ಯಾಯ ದಾಟಿದರೆ 46:9 ಹಳೆಯದನ್ನು ನೆನಪಿಸಿಕೊಳ್ಳಿ ಅನ್ನುತ್ತದೆ. ಎರಡೂ ಒಂದೇ ಜನರಿಗೆ ಹೇಳಿದ ಮಾತು. ನೆನಪು ಇರಬಹುದು, ಆದರೆ ಇವತ್ತಿನ ತೀರ್ಮಾನ ಅದರ ಕೈಯಲ್ಲಿ ಇರಬಾರದು.

ಎಲ್ಲಿಂದ ಶುರು ಮಾಡಬೇಕು?

ಒಂದು ಹಾಳೆ, ಒಂದು ಪೆನ್ನು, ಅರ್ಧ ಗಂಟೆ ಸಾಕು. ಮನಸ್ಸಿಗೆ ಮತ್ತೆ ಮತ್ತೆ ಬರುವ ಸಂಗತಿಗಳನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. "ನನಗೆ ಬೇಜಾರು" ಅಂತಲ್ಲ. ಯಾರು, ಎಲ್ಲಿ, ಏನಾಯಿತು ಎಂದು ಬರೆಯಬೇಕು. ಆಮೇಲೆ ಪ್ರತಿ ಸಾಲಿನ ಪಕ್ಕ ಗುರುತು ಹಾಕಿ: ಇದು ನಾನು ಮಾಡಿದ ತಪ್ಪೋ, ನನಗೆ ಆದ ಅನ್ಯಾಯವೋ, ನಾನು ಕಳೆದುಕೊಂಡದ್ದೋ, ಇಲ್ಲಾ ಬಿಡಲು ಮನಸ್ಸಿಲ್ಲದ ಹಳೆಯ ಹೆಮ್ಮೆಯೋ?

ಎಡವಟ್ಟು ಆಗುವುದೆಲ್ಲ ಈ ವಿಂಗಡಣೆಯಲ್ಲೇ. ಗಂಡನ ಕೈಯಲ್ಲಿ ಏಟು ತಿಂದವಳು ಬಂದು ಪಾಪನಿವೇದನೆ ಮಾಡುತ್ತಾಳೆ. ತಮ್ಮನ ಪಾಲು ನುಂಗಿದವನು ಬಂದು "ನನ್ನ ಮನಸ್ಸಿನ ಗಾಯ ವಾಸಿಯಾಗಲಿ, ಪ್ರಾರ್ಥಿಸಿ" ಅನ್ನುತ್ತಾನೆ. ಅವಳಿಗೆ ಬೇಕಾದದ್ದು ರಕ್ಷಣೆ, ಅವನಿಗೆ ಬೇಕಾದದ್ದು ಪಶ್ಚಾತ್ತಾಪ. ಮದ್ದು ಅದಲುಬದಲಾದರೆ ಇಬ್ಬರೂ ವರ್ಷಗಟ್ಟಲೆ ಅಲ್ಲೇ ಸುತ್ತುತ್ತಿರುತ್ತಾರೆ.

ಹಾಳೆಯಲ್ಲಿ ಬೇರೆಯವರ ಹೆಸರಿದ್ದರೆ ಕೆಲಸ ಮುಗಿದ ಮೇಲೆ ಒಲೆಗೆ ಹಾಕಿ. ಸುಟ್ಟ ಮಾತ್ರಕ್ಕೆ ಬಿಡುಗಡೆ ಸಿಗುತ್ತದೆ ಎಂದಲ್ಲ, ಮನೆಯವರ ಕೈಗೆ ಸಿಗಬಾರದು ಎಂದು.

ಪಾಪನಿವೇದನೆ ಮಾಡಿ ಹತ್ತು ಹದಿನೈದು ವರ್ಷವೇ ಆಯಿತು. ಕ್ರಮ ಮರೆತಿದೆ. ಏನು ಮಾಡಲಿ?

ಅದನ್ನೇ ಹೇಳಿ. "ಫಾದರ್, ಇಷ್ಟು ವರ್ಷವಾಯಿತು, ಕ್ರಮ ಮರೆತಿದ್ದೇನೆ" ಅಂದರೆ ಗುರುಗಳೇ ಕೈಹಿಡಿದು ನಡೆಸುತ್ತಾರೆ. ಹೋಗುವ ಮುಂಚೆ ದಶಾಜ್ಞೆಗಳನ್ನು ಮುಂದಿಟ್ಟುಕೊಂಡು ಆತ್ಮಶೋಧನೆ ಮಾಡಿಕೊಳ್ಳಿ. ಒಳಗೆ ಹೋದಾಗ ಪಾಪ ಯಾವುದು, ಗಂಭೀರವಾದದ್ದಾದರೆ ಸುಮಾರು ಎಷ್ಟು ಸಲ ಎಂದು ಹೇಳಿದರೆ ಸಾಕು. ಪೂರ್ತಿ ಕತೆ ಬೇಡ, ಬೇರೆಯವರ ಹೆಸರಂತೂ ಬೇಡವೇ ಬೇಡ. ಗುರುಗಳು ಒಂದು ಪ್ರಾಯಶ್ಚಿತ್ತ ಕೊಡುತ್ತಾರೆ, ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತೀರಿ, ಕ್ಷಮಾಪಣೆಯ ಮಾತು ಉಚ್ಚರಿಸುತ್ತಾರೆ. ಆ ಪ್ರಾಯಶ್ಚಿತ್ತವನ್ನು ಅವತ್ತೇ ಮಾಡಿ ಮುಗಿಸಿ. ನಾಳೆಗೆ ಇಟ್ಟದ್ದು ಮರೆತುಹೋಗುತ್ತದೆ.

ಹೇಳಿದ ಮಾತು ಗುರುಗಳ ಬಾಯಿಂದ ಆಚೆ ಹೋಗುವಂತಿಲ್ಲ. ಧರ್ಮಸಭೆಯ ಕಾನೂನಿನಲ್ಲಿ ಇದಕ್ಕೆ ವಿನಾಯಿತಿ ಇಲ್ಲ. ಆದರೂ ಸಣ್ಣ ಊರಿನಲ್ಲಿ ವಾರಕ್ಕೆ ನಾಲ್ಕು ಸಲ ಮುಖ ನೋಡುವ ಗುರುಗಳ ಎದುರು ಕೂರಲು ಸಂಕೋಚ ಆಗುವುದು ಸಹಜ. ಬೇರೆ ಊರಿಗೆ ಹೋಗಿ. ಶಿವಮೊಗ್ಗದ ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಪ್ರಧಾನಾಲಯಕ್ಕೆ ಸುತ್ತಲಿನ ತಾಲ್ಲೂಕುಗಳಿಂದ ಜನ ಬರುತ್ತಾರೆ, ಅಲ್ಲಿ ನೀವು ಯಾರೆಂದು ಯಾರೂ ತಿರುಗಿ ನೋಡುವುದಿಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಕೊನೆಯ ವಾರ ಸಾಲು ಉದ್ದ ಇರುತ್ತದೆ. ಬಹಳ ವರ್ಷದ ಬಾಕಿ ಇರುವವರು ಆ ಗದ್ದಲ ತಪ್ಪಿಸಿ, ಮೊದಲೇ ಫೋನ್ ಮಾಡಿ ಸಮಯ ಕೇಳುವುದು ಒಳ್ಳೆಯದು. ಮನೆಯಲ್ಲಿ ಕೊಂಕಣಿ ಆಡುವವರು ಕುಮ್ಸಾರನ್ನು, ಅಂದರೆ ಪಾಪನಿವೇದನೆಯನ್ನು, ಕೊಂಕಣಿಯಲ್ಲೇ ಮಾಡಬೇಕೆಂದರೆ ಆ ಭಾಷೆ ಬಲ್ಲ ಗುರುಗಳು ಯಾವ ಧರ್ಮಕೇಂದ್ರದಲ್ಲಿದ್ದಾರೆ ಎಂದು ವಿಚಾರಿಸಿಕೊಳ್ಳಿ. ಚಿಕ್ಕಂದಿನ ಪಾಪ ಚಿಕ್ಕಂದಿನ ಭಾಷೆಯಲ್ಲಿ ಸಲೀಸಾಗಿ ಹೊರಗೆ ಬರುತ್ತದೆ.

ಪ್ರೊಟೆಸ್ಟೆಂಟ್ ಸಭೆಗಳಲ್ಲಿ 1 ಯೋಹಾನ 1:9ರ ಆಧಾರದಲ್ಲಿ ನೇರವಾಗಿ ದೇವರಲ್ಲೇ ಅರಿಕೆ ಮಾಡುತ್ತಾರೆ. ಆದರೆ ಯಾಕೋಬ 5:16 ಒಬ್ಬರಿಗೊಬ್ಬರು ಹೇಳಿಕೊಳ್ಳಿ ಅನ್ನುತ್ತದೆ, ಅದನ್ನು ಹಾರಿಸಬೇಡಿ. ಹೀಗೆ ಹೇಳಿಕೊಳ್ಳಲು ನೀವು ಆರಿಸಿಕೊಂಡವರು ಗಂಡಸಿಗೆ ಗಂಡಸು, ಹೆಂಗಸಿಗೆ ಹೆಂಗಸು ಆಗಿರಲಿ, ನೆಂಟರಾಗಿರದಿರಲಿ, ಬಾಯಿ ಬಿಗಿ ಇರುವವರಾಗಿರಲಿ. ವಾಟ್ಸ್ಆ್ಯಪ್ ಗುಂಪಿನ "ಪ್ರಾರ್ಥನಾ ವಿನಂತಿ"ಗೆ ಮಾತ್ರ ಹಾಕಬೇಡಿ. ಊರಿನ ಅರ್ಧ ಚಾಡಿ ಈಗ ಹರಿದಾಡುವುದು ಪ್ರಾರ್ಥನಾ ವಿನಂತಿಯ ಹೆಸರಿನಲ್ಲೇ.

ಕ್ಷಮೆ ಸಿಕ್ಕಿದೆ ಎಂದು ಗೊತ್ತು. ಆದರೂ ಒಳಗೆ ಚುಚ್ಚುತ್ತಲೇ ಇದೆ, ಯಾಕೆ?

ಮೂರು ಕಾರಣ ಇರಬಹುದು. ಒಂದು, ತೀರಿಸಬೇಕಾದ್ದು ಏನೋ ಬಾಕಿ ಇದೆ. ಅದಾದರೆ ಮುಂದಿನ ಪ್ರಶ್ನೆ ನೋಡಿ. ಎರಡು, ಅದೇ ತಪ್ಪು ಈಗಲೂ ನಡೆಯುತ್ತಿದೆ. ಹಾಗಿದ್ದರೆ ಚುಚ್ಚುವುದು ಒಳ್ಳೆಯದೇ. ಮೂರನೆಯದು, ಎಲ್ಲ ಮುಗಿದ ಮೇಲೂ ಅದೇ ಪಾಪವನ್ನು ಮತ್ತೆ ಮತ್ತೆ ನಿವೇದಿಸುವ ಅತಿಶಂಕೆ. "ಸರಿಯಾಗಿ ಹೇಳಿದೆನೋ ಇಲ್ಲವೋ" ಎಂದು ವಾರ ವಾರ ಓಡಿ ಹೋಗುವವರಿಗೆ ಹಳೆಯ ಕ್ರಮ ಒಂದಿದೆ: ಒಬ್ಬರೇ ಗುರುಗಳು, ಅವರು "ಇದು ಮುಗಿಯಿತು, ಮತ್ತೆ ತರಬೇಡ" ಅಂದರೆ ತರಬಾರದು. ಅದಕ್ಕೂ ಬಗ್ಗದಿದ್ದರೆ, ಕೈ ತೊಳೆಯುವುದು, ಎಣಿಸುವುದು, ಪ್ರಾರ್ಥನೆಯನ್ನು ತಪ್ಪಾಯಿತೆಂದು ಮೊದಲಿಂದ ಹೇಳುವುದು ಜೊತೆಗಿದ್ದರೆ, ಅದು ಗೀಳು ಕಾಯಿಲೆ ಇರಬಹುದು. ಅದಕ್ಕೆ ಔಷಧ ಇದೆ, ಮನೋವೈದ್ಯರನ್ನು ಕಾಣಬೇಕು.

ಪೇತ್ರನ ಪ್ರಸಂಗ ಇಲ್ಲಿ ನಿಧಾನವಾಗಿ ಓದಬೇಕಾದ್ದು. ಯೋಹಾನ 18:18ರಲ್ಲಿ ಅವನು ಇದ್ದಲಿನ ಬೆಂಕಿಯ ಹತ್ತಿರ ಚಳಿ ಕಾಯಿಸಿಕೊಳ್ಳುತ್ತ ನಿಂತಿದ್ದಾನೆ. ಯೇಸುವಿನ ಶಿಷ್ಯನೇ ಎಂದು ಕೇಳಿದರೆ ಮೂರು ಸಲ "ನಾನಲ್ಲ" ಅನ್ನುವುದು ಆ ರಾತ್ರಿಯೇ. 21:9ರಲ್ಲಿ, ಪುನರುತ್ಥಾನದ ನಂತರ, ದಡದಲ್ಲಿ ಮತ್ತೆ ಇದ್ದಲಿನ ಬೆಂಕಿ, ಮೇಲೆ ಮೀನು. ಅದೇ ವಾಸನೆ, ಅದೇ ಕಾವು. ಯೇಸು ಆ ರಾತ್ರಿಯ ಸುದ್ದಿ ಎತ್ತುವುದೇ ಇಲ್ಲ; ಬದಲಿಗೆ "ನನ್ನನ್ನು ಪ್ರೀತಿಸುತ್ತೀಯಾ" ಎಂದು ಮೂರು ಸಲ ಕೇಳುತ್ತಾರೆ. ಮೂರನೆಯ ಸಲ ಪೇತ್ರನಿಗೆ ನೋವಾಯಿತು ಎಂದೂ ಬರೆದಿದೆ. ಪ್ರತಿ ಉತ್ತರಕ್ಕೂ ಒಂದು ಕೆಲಸ ಸಿಗುತ್ತದೆ: ಕುರಿಗಳನ್ನು ಮೇಯಿಸು. ಕ್ಷಮೆ ಪಡೆದ ಮೇಲೂ ಚುಚ್ಚುವ ನೆನಪಿಗೆ ಬರೀ ಸಮಾಧಾನದ ಮಾತು ಸಾಲದು, ಕೈಗೊಂದು ಕೆಲಸ ಬೇಕು. ಭಾನುವಾರ ಶಾಲೆ, ಹಾಸಿಗೆ ಹಿಡಿದವರ ಮನೆಗೆ ವಾರಕ್ಕೊಂದು ಭೇಟಿ, ಚರ್ಚಿನ ಅಂಗಳದ ಕಳೆ ಕೀಳುವುದು, ಯಾವುದಾದರೂ ಸರಿ.

ಮೋಸ ಮಾಡಿದ ಹಣ ವಾಪಸ್ ಕೊಡಲೇಬೇಕಾ? ಎಷ್ಟು?

ಕೊಡಬೇಕು. ಯಾಜಕಕಾಂಡ 6:5ರ ಲೆಕ್ಕ ಅಸಲು, ಅದರ ಮೇಲೆ ಐದನೆಯ ಒಂದು ಭಾಗ. ತೆರಿಗೆ ವಸೂಲಿಯ ಜಕ್ಕಾಯ ನಾಲ್ಕರಷ್ಟು ಅಂದದ್ದು ಲೂಕ 19:8ರಲ್ಲಿ. ಅದು ಕುರಿ ಕದ್ದವನಿಗೆ ವಿಧಿಸಿದ ದಂಡದ ಅಳತೆ, ಅವನು ತಾನಾಗಿ ಒಪ್ಪಿಕೊಂಡದ್ದು. ಕ್ರೈಸ್ತರು ಈ ಸಂಖ್ಯೆಗಳಿಗೆ ಕಾನೂನಿನಂತೆ ಕಟ್ಟುಬಿದ್ದಿಲ್ಲ, ಆದರೆ ಅಳತೆಗೋಲಾಗಿ ಅವು ಚೆನ್ನಾಗಿ ನಿಲ್ಲುತ್ತವೆ.

ಅಡಿಕೆ ಸುಲಿಯಲು ಬಂದ ಹೆಂಗಸರಿಗೆ ಲೆಕ್ಕದಲ್ಲಿ ಮುರಿದುಕೊಂಡ ಕೂಲಿ ಒಟ್ಟು 12,000 ರೂಪಾಯಿ ಎಂದಿಟ್ಟುಕೊಳ್ಳಿ. ಐದನೆಯ ಭಾಗ 2,400. ಒಟ್ಟು 14,400. ಒಟ್ಟಿಗೆ ಆಗದಿದ್ದರೆ ತಿಂಗಳಿಗೆ 1,200ರಂತೆ ಒಂದು ವರ್ಷ. ಚರ್ಚಿನ ಕಾಣಿಕೆ ಡಬ್ಬಿಗೆ ಹಾಕಿ ಕೈ ತೊಳೆದುಕೊಳ್ಳುವಂತಿಲ್ಲ. ಕೂಲಿ ಯಾರದ್ದೋ ಅವರಿಗೇ ಸೇರಬೇಕು. ಹಿಡಿದಿಟ್ಟ ಕೂಲಿಯೇ ಕೂಗುತ್ತದೆ ಎಂದು ಯಾಕೋಬ 5:4 ಹೇಳುವುದು ಇದನ್ನೇ. ಅವರು ತೀರಿಹೋಗಿದ್ದರೆ ಮಕ್ಕಳಿಗೆ. ಯಾರೂ ಸಿಗದಿದ್ದರೆ ಮಾತ್ರ ಬಡವರಿಗೆ.

ಕ್ಷಮೆ ಕೇಳುವ ಮಾತು ಚಿಕ್ಕದಾಗಿರಲಿ: ನಾನು ಮಾಡಿದ್ದು ಇದು, ಇದರಿಂದ ನಿಮಗೆ ಆದದ್ದು ಇದು, ನಾನು ಈಗ ಮಾಡುತ್ತಿರುವುದು ಇದು. "ಏನಾದರೂ ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ" ಅನ್ನುವುದು ಕ್ಷಮೆ ಕೇಳಿದಂತೆ ಅಲ್ಲ. "ಕ್ಷಮಿಸಿದಿರಾ?" ಎಂದು ನಿಂತಲ್ಲೇ ಉತ್ತರಕ್ಕೆ ಕಾಯಲೂ ಬೇಡಿ. ತಪ್ಪು ಒಪ್ಪಿಕೊಳ್ಳುವುದರಿಂದ ಮೂರನೆಯವರ ಸಂಸಾರ ಒಡೆಯುವಂತಿದ್ದರೆ, ಹಳೆಯ ಅಕ್ರಮ ಸಂಬಂಧದಂಥ ವಿಷಯಗಳಲ್ಲಿ, ಮೊದಲು ಗುರುಗಳ ಅಥವಾ ಸಭಾಪಾಲಕರ ಹತ್ತಿರ ಮಾತಾಡಿ. ನಿಮ್ಮ ಎದೆಯ ಭಾರವನ್ನು ಇನ್ನೊಬ್ಬರ ತಲೆಗೆ ದಾಟಿಸುವುದು ಪಶ್ಚಾತ್ತಾಪ ಅನ್ನಿಸಿಕೊಳ್ಳುವುದಿಲ್ಲ.

ಕ್ಷಮಿಸಿದೆ ಅಂದಮೇಲೆ ಮೊದಲಿನ ಹಾಗೇ ಇರಬೇಕಾ?

ಬೇಕಿಲ್ಲ. ಕ್ಷಮೆ ಬೇರೆ, ರಾಜಿ ಬೇರೆ, ನಂಬಿಕೆ ಬೇರೆ. ಕ್ಷಮೆ ನಿಮ್ಮೊಬ್ಬರ ಕೈಯಲ್ಲಿದೆ. ರಾಜಿಗೆ ಇಬ್ಬರೂ ಬೇಕು. "ನಿಮ್ಮಿಂದ ಆಗುವ ಮಟ್ಟಿಗೆ" ಎಂಬ ಮಿತಿಯನ್ನು ರೋಮಾ 12:18 ತಾನೇ ಹಾಕಿದೆ. ನಂಬಿಕೆಯನ್ನು ತಪ್ಪು ಮಾಡಿದವರು ನಡತೆಯಿಂದ ಗಳಿಸಬೇಕು. ಯೋಸೇಫ ತನ್ನನ್ನು ಮಾರಿದ್ದ ಅಣ್ಣಂದಿರನ್ನು ಕಂಡ ತಕ್ಷಣ ಅಪ್ಪಿಕೊಳ್ಳಲಿಲ್ಲ. ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿ ಬಟ್ಟಲು ಇಡಿಸಿ, ಈ ಸಲವೂ ಕಿರಿಯವನನ್ನು ಬಿಟ್ಟು ಹೋಗುತ್ತಾರೋ ಎಂದು ನೋಡಿದ. ಅಣ್ಣಂದಿರಲ್ಲಿ ಒಬ್ಬನಾದ ಯೆಹೂದ "ಅವನ ಬದಲು ನಾನು ಆಳಾಗಿರುತ್ತೇನೆ" ಅಂದ ಮೇಲೆಯೇ ತಾನು ಯಾರೆಂದು ಹೇಳಿದ.

ಮತ್ತಾಯ 18ರ ಸಾಲಗಾರರ ಸಾಮ್ಯದಲ್ಲಿ ರಾಜ ತನ್ನ ಆಳಿಗೆ ಮನ್ನಿಸಿದ ಸಾಲ ಹತ್ತು ಸಾವಿರ ತಲಾಂತು, ಆ ಆಳು ಜೊತೆಯವನಿಗೆ ಮನ್ನಿಸದ ಸಾಲ ನೂರು ದಿನಾರಿ. ದಿನಾರಿ ಅಂದರೆ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಮೊದಲನೆಯದು ಆರು ಕೋಟಿ ದಿನದ ಕೂಲಿಯಾಯಿತು, ತೀರಿಸುವ ಮಾತೇ ಇಲ್ಲ. ಆದರೆ ನೂರು ದಿನದ ಕೂಲಿಯೂ ಸಣ್ಣದಲ್ಲ, ಮೂರು ತಿಂಗಳ ದುಡಿಮೆ ಅದು. ನಿಮಗೆ ಆದ ಅನ್ಯಾಯ ಚಿಲ್ಲರೆಯದು ಎಂದು ಯೇಸು ಎಲ್ಲೂ ಹೇಳಿಲ್ಲ. "ಅಷ್ಟಕ್ಕೇನಂತೆ, ಬಿಟ್ಟುಬಿಡಿ" ಎಂದು ಸಮಾಧಾನ ಹೇಳುವ ಹಿರಿಯರು ಈ ಭಾಗವನ್ನು ಇನ್ನೊಮ್ಮೆ ಓದಬೇಕು.

ಅವಸರದ ಕ್ಷಮೆ ನಿಲ್ಲುವುದಿಲ್ಲ. ಮೇಲೆ ಒಣಗಿ ಒಳಗೆ ಹಸಿ ಉಳಿದ ಅಡಿಕೆಯನ್ನು ಚೀಲಕ್ಕೆ ತುಂಬಿದರೆ ಬೂಸ್ಟು ಹಿಡಿಯುವ ಹಾಗೆ, ಪ್ರಾರ್ಥನಾ ಕೂಟದಲ್ಲಿ ಎಲ್ಲರೆದುರು ಕೈಕುಲುಕಿಸಿದ ರಾಜಿ ಮುಂದಿನ ಮದುವೆ ಮನೆಯಲ್ಲಿ ಒಡೆದುಕೊಳ್ಳುತ್ತದೆ.

ಅಣ್ಣ "ಕ್ಷಮಿಸಿ ಬಿಟ್ಟುಕೊಡು, ಕ್ರೈಸ್ತಳಲ್ವಾ" ಅಂತ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಿದ್ದಾನೆ.

ಸಹಿಗೆ ಮುಂಚೆ ನಿಮ್ಮ ಹಕ್ಕು ಎಷ್ಟೆಂದು ತಿಳಿದುಕೊಳ್ಳಿ. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ತಂದೆ ಉಯಿಲು ಬರೆಯದೆ ತೀರಿಕೊಂಡರೆ ತಾಯಿಗೆ ಮೂರನೆಯ ಒಂದು ಭಾಗ, ಉಳಿದದ್ದು ಮಕ್ಕಳಿಗೆ ಸಮನಾಗಿ. ಗಂಡು ಹೆಣ್ಣು ಎಂಬ ಭೇದ ಇಲ್ಲ. ಆರು ಎಕರೆ ಜಮೀನು, ಮೂವರು ಮಕ್ಕಳು ಅಂದರೆ ತಾಯಿಗೆ 2 ಎಕರೆ, ಮಕ್ಕಳಿಗೆ ತಲಾ 1 ಎಕರೆ 13 ಗುಂಟೆ ಚಿಲ್ಲರೆ. ಇದನ್ನು ತಿಳಿದು, ಸ್ವಂತ ಮನಸ್ಸಿನಿಂದ ಬಿಟ್ಟುಕೊಟ್ಟರೆ ಅದು ದಾನ. ವಾಕ್ಯ ತೋರಿಸಿ ಹೆದರಿಸಿ ಬಿಡಿಸಿಕೊಂಡರೆ ಅದು ಕಬಳಿಕೆ.

ಒಂದು ಕಿವಿಮಾತು: ಕಾಗದದ ಮಾತು ಒಂದು ದಿನ, ಮನಸ್ತಾಪದ ಮಾತು ಇನ್ನೊಂದು ದಿನ. ಎರಡನ್ನೂ ಒಂದೇ ಕೂರಿಕೆಯಲ್ಲಿ ಎತ್ತಿದರೆ ಪಹಣಿ ಎಂದು ಶುರುವಾದದ್ದು ಇಪ್ಪತ್ತು ವರ್ಷದ ಹಿಂದಿನ ಸೀರೆಯ ಜಗಳಕ್ಕೆ ಹೋಗಿ ನಿಲ್ಲುತ್ತದೆ. ಮೊದಲು ಅಣ್ಣನೊಬ್ಬನೇ ಇರುವಾಗ ಮಾತಾಡಿ, ಕೇಳದಿದ್ದರೆ ಇಬ್ಬರು ಮೂವರ ಮುಂದೆ, ಆಮೇಲೆ ಸಭೆಯ ಹಿರಿಯರ ಮುಂದೆ. ಮತ್ತಾಯ 18:15ರಿಂದ ಇರುವ ಕ್ರಮ ಇದೇ. ವಕೀಲರ ಸಲಹೆ ಪಡೆಯುವುದು ಅವಿಶ್ವಾಸವಲ್ಲ.

ಮುಳುಗಡೆಯಲ್ಲಿ ನಮ್ಮ ಹಿರಿಯರ ಜಮೀನು ಹೋಯಿತು. ಇನ್ನೂ ಹಕ್ಕುಪತ್ರಕ್ಕೆ ಓಡಾಡುವುದು ಹಿಂದಿನದನ್ನು ಹಿಡಿದುಕೊಂಡಂತೆ ಅಲ್ಲವೇ?

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ಕಣಿವೆಯಿಂದ ಎಬ್ಬಿಸಲ್ಪಟ್ಟ ಎಷ್ಟೋ ಕುಟುಂಬಗಳ ಹಕ್ಕುಪತ್ರದ ಗೋಳು ಮೊಮ್ಮಕ್ಕಳ ಕಾಲಕ್ಕೂ ಬಂದಿದೆ. ಅರ್ಜಿ ಹಿಡಿದು ಕಚೇರಿಗೆ ಹೋಗುವುದು ಇಂದಿನ ಕೆಲಸವೇ. ಪೌಲ ತನ್ನ ರೋಮನ್ ಪೌರತ್ವದ ಹಕ್ಕನ್ನು ಬಿಟ್ಟುಕೊಡಲಿಲ್ಲ (ಅಪೊಸ್ತಲರ ಕೃತ್ಯಗಳು 16:37), ಕೈಸರನಿಗೇ ಮೇಲ್ಮನವಿ ಮಾಡಿಕೊಂಡ (25:11). ನ್ಯಾಯ ಕೇಳುತ್ತಲೇ ದ್ವೇಷ ಬಿಡಲು ಸಾಧ್ಯ.

ಹೊಡೆಯುವ ಗಂಡನನ್ನು ಕ್ಷಮಿಸಿ ವಾಪಸ್ ಹೋಗು ಎಂದು ಸಭೆಯಲ್ಲೇ ಹೇಳುತ್ತಾರೆ.

ಹೋಗಬೇಡಿ. ಮೊದಲು ಸುರಕ್ಷಿತ ಜಾಗ, ಆಮೇಲೆ ಉಳಿದ ಮಾತು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣಾ ಆದೇಶ ಸಿಗುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದರೆ ಸಭೆಯೊಳಗೆ ಪಂಚಾಯಿತಿ ಮಾಡಿ ಮುಗಿಸುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098.

ನಾನೊಬ್ಬನೇ ವಿಶ್ವಾಸಕ್ಕೆ ಬಂದವನು. ಭೂಮಿ ಹುಣ್ಣಿಮೆಗೆ ಅಮ್ಮ ಕಡುಬು ಕಳಿಸುತ್ತಾಳೆ. ಹಿಂದಿನದನ್ನೆಲ್ಲ ಕಡಿದುಕೊಳ್ಳಬೇಕಾ?

ಅಮ್ಮನನ್ನು ಕಡಿದುಕೊಳ್ಳಿ ಎಂದು ಯಾವ ವಾಕ್ಯವೂ ಹೇಳುವುದಿಲ್ಲ. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ಅವಿಶ್ವಾಸಿಗಿಂತ ಕೆಟ್ಟವನು ಎಂದು 1 ತಿಮೊಥೆ 5:8ರಲ್ಲಿದೆ. ಪೂಜೆಯಲ್ಲಿ ಪಾಲು ತೆಗೆದುಕೊಳ್ಳುವುದು ಬೇರೆ, ಮನೆಗೆ ಬಂದ ತಿನಿಸು ಬೇರೆ. ತಿನಿಸಿನ ಬಗ್ಗೆ ಸಭೆಗಳ ನಡುವೆ ಒಮ್ಮತ ಇಲ್ಲ. 1 ಕೊರಿಂಥ 8 ಮತ್ತು 10ನೇ ಅಧ್ಯಾಯ ಎರಡನ್ನೂ ಓದಿ, ನಿಮ್ಮ ಮನಸ್ಸಾಕ್ಷಿ ಒಪ್ಪಿದಂತೆ ಮಾಡಿ. ಬೇಡ ಅನ್ನಿಸಿದರೂ ಡಬ್ಬಿಯನ್ನು ಬಾಗಿಲಲ್ಲೇ ವಾಪಸ್ ಮಾಡಬೇಡಿ. ಬಸುರಿ ಭೂಮಿಗೆ ಬಯಕೆ ಊಟ ಬಡಿಸುವ ಆ ಬೆಳಗಿನ ಜಾವ ಗದ್ದೆಗೆ ಹೋಗದಿದ್ದವನು ಕೊಯ್ಲಿನ ದಿನ ಎಲ್ಲರಿಗಿಂತ ಮೊದಲು ಗದ್ದೆಗೆ ಇಳಿಯಲಿ. ಹಳೆಯ ದೇವರುಗಳನ್ನು ಹೀಯಾಳಿಸಿ ಸಾಕ್ಷಿ ಹೇಳುವ ಚಾಳಿ ಮಾತ್ರ ಬೇಡ. ಅದರಿಂದ ಮನೆಯವರ ಮನಸ್ಸು ಮುರಿಯುವುದು ಬಿಟ್ಟರೆ ಏನೂ ಆಗದು.

ವಂಶದ ಶಾಪ ಬಿಡಿಸಬೇಕು, ಅದಕ್ಕೆ ವಿಶೇಷ ಪ್ರಾರ್ಥನೆ, ಕಾಣಿಕೆ ಇಷ್ಟು ಅನ್ನುತ್ತಾರೆ.

ಎಜೆಕಿಯೇಲ 18:20 ಓದಿ: ತಂದೆಯ ದೋಷವನ್ನು ಮಗ ಹೊರುವುದಿಲ್ಲ. ಹುಟ್ಟುಕುರುಡನನ್ನು ಕಂಡು "ಇವನ ಪಾಪವೋ, ತಂದೆತಾಯಿಯದೋ" ಎಂದು ಶಿಷ್ಯರು ಕೇಳಿದಾಗ ಯೇಸು ಎರಡೂ ಅಲ್ಲ ಅಂದರು. ಬಿಡುಗಡೆಗೆ ದರ ಕಟ್ಟಿದವರ ಮನೆ ಬಾಗಿಲಿಗೆ ಹೋಗಬೇಡಿ. ಕುಡಿತ, ಸಿಟ್ಟು, ಸಾಲ ತಲೆಮಾರಿನಿಂದ ತಲೆಮಾರಿಗೆ ಬರುವುದು ನಿಜ. ಮನೆಯಲ್ಲಿ ಕಂಡದ್ದನ್ನೇ ಮಕ್ಕಳು ಕಲಿಯುತ್ತಾರೆ.

ಕುಡಿತ ಬಿಡುತ್ತೇನೆ ಎಂದು ಪ್ರಾರ್ಥಿಸಿ ಒಂದೇ ದಿನಕ್ಕೆ ನಿಲ್ಲಿಸಬಹುದಾ?

ಎಷ್ಟೋ ವರ್ಷ ದಿನವೂ ಹೆಚ್ಚು ಕುಡಿದವರು ವೈದ್ಯರಿಗೆ ಹೇಳದೆ ಹಾಗೆ ಮಾಡಬಾರದು. ನಿಲ್ಲಿಸಿದ ಮೊದಲ ಎರಡು ದಿನದಲ್ಲಿ ಕೈ ನಡುಕ, ಬೆವರು, ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಭ್ರಮೆ, ಇಲ್ಲದ್ದನ್ನು ಕಾಣುವುದು ಶುರುವಾಗಬಹುದು, ಜೀವಕ್ಕೂ ಅಪಾಯ. ಇದನ್ನು ದೆವ್ವ ಎಂದು ತಿಳಿದು ಬಿಡಿಸಲು ಕೂತು ಹೊತ್ತು ಕಳೆದವರಿದ್ದಾರೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಅಥವಾ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ದೇಹ ಹತೋಟಿಗೆ ಬಂದ ಮೇಲೆ ಪ್ರಾರ್ಥನೆಯ ಬಳಗವೂ ಬೇಕು, ಕುಡಿತ ಬಿಟ್ಟವರ ಗುಂಪೂ ಬೇಕು. ಒಮ್ಮೆ ಜಾರಿದರೆ ಎಲ್ಲ ಮುಗಿಯಿತು ಎಂದಲ್ಲ. ಜಾರಿದ್ದನ್ನು ಅವತ್ತೇ ಯಾರಿಗಾದರೂ ಹೇಳಬೇಕು, ಮುಚ್ಚಿಟ್ಟರೆ ಮಾತ್ರ ಎರಡನೆಯ ದಿನವೂ ಕುಡಿತ ಗ್ಯಾರಂಟಿ.

ಯಜಮಾನರು ಹೋಗಿ ಎರಡು ವರ್ಷ. ಇನ್ನೂ ಅಳು ಬರುತ್ತದೆ.

ಬರಲಿ. ಸತ್ತ ಲಾಜರನನ್ನು ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಯೇಸು ಅತ್ತರು. ಕೆಥೋಲಿಕರಿಗೆ ನವೆಂಬರ್ 2 ಇದೆ. ಮಳೆಗಾಲದಲ್ಲಿ ಬೆಳೆದ ಹುಲ್ಲು ಸವರಿ, ಸಮಾಧಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುವ ದಿನ. ದುಃಖಕ್ಕೆ ಇಂಥದ್ದೊಂದು ಗೊತ್ತಾದ ಜಾಗ, ಗೊತ್ತಾದ ದಿನ ಇದ್ದರೆ ಉಳಿದ ದಿನಗಳು ಸ್ವಲ್ಪ ಹಗುರವಾಗುತ್ತವೆ. ಅವರ ಬಟ್ಟೆಬರೆಯನ್ನು ಯಾವಾಗ ಕೊಡಬೇಕು ಎಂಬುದಕ್ಕೆ ಗಡುವು ಇಲ್ಲ. ಅತ್ತಿಗೆ ನಾದಿನಿಯರು ಅವಸರ ಮಾಡಿದರೆ "ಇರಲಿ, ನಾನೇ ಹೇಳ್ತೀನಿ" ಅನ್ನಿ.

ಸಭೆಯವರೇ ನನ್ನ ಹಳೆಯದನ್ನು ಎತ್ತಿ ಆಡುತ್ತಾರೆ.

ಸೌಲನನ್ನೂ (ಸಭೆಯನ್ನು ಹಿಂಸಿಸಿದ್ದ ಪೌಲನೇ ಈ ಸೌಲ) ಯೆರೂಸಲೇಮಿನವರು ನಂಬಲಿಲ್ಲ, ಬಾರ್ನಬ ಮುಂದೆ ನಿಂತು ಜಾಮೀನು ಕೊಡಬೇಕಾಯಿತು. ನಿಮಗೂ ಅಂಥ ಒಬ್ಬರು ಬೇಕು; ಎಲ್ಲರ ಬಾಯಿ ಮುಚ್ಚಿಸಲು ಹೋಗಬೇಡಿ. ಒಂದು ವಿಷಯ ಮಾತ್ರ ಒಪ್ಪಿಕೊಳ್ಳಿ: ಹಣ ದುರುಪಯೋಗ ಮಾಡಿದವರಿಗೆ ಖಜಾಂಚಿ ಕೆಲಸ ಕೊಡದಿರುವುದು ಕ್ಷಮಿಸಿಲ್ಲ ಎಂದಲ್ಲ, ಅದು ವಿವೇಕ.

ಮೊದಲಿನ ಸಭೆ, ಮೊದಲಿನ ಫಾದರ್, ಮೊದಲಿನ ಹಬ್ಬ ಎಷ್ಟು ಚೆನ್ನಾಗಿತ್ತು!

ಐಗುಪ್ತದ ಗುಲಾಮಗಿರಿಯಿಂದ ಬಿಡುಗಡೆಯಾದ ಮೇಲೂ ಅಲ್ಲಿನ ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನೆದು ಅತ್ತವರ ಕತೆ ಅರಣ್ಯಕಾಂಡ 11:5ರಲ್ಲಿದೆ. ಅಲ್ಲಿ ತಿಂದ ಚಾಟಿ ಏಟು ಅವರಿಗೆ ನೆನಪಿರಲಿಲ್ಲ.

ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಹಳೆಯದೆಲ್ಲ ತಲೆಯಲ್ಲಿ ಸುತ್ತುತ್ತದೆ. ಏನು ಮಾಡಲಿ?

ಎದ್ದು ಕೂರಿ, ಮಲಗಿ ಹೊರಳಾಡಬೇಡಿ. ದೀಪ ಹಾಕಿ, ಮೊಬೈಲ್ ಮುಟ್ಟಬೇಡಿ. ಕೀರ್ತನೆಯೊಂದನ್ನು ತುಟಿ ಅಲುಗಿಸಿ ಓದಿ: ತಪ್ಪಿನ ನೆನಪಾದರೆ 51 ಅಥವಾ 32, ಅನ್ಯಾಯದ ನೆನಪಾದರೆ 13, ದುಃಖಕ್ಕೆ 42. ಸುತ್ತುತ್ತಿರುವ ಸಂಗತಿಯನ್ನು ಒಂದೇ ಸಾಲಿನಲ್ಲಿ ಬರೆದು, ಅದರ ಕೆಳಗೆ ನಾಳೆ ಮಾಡಬಹುದಾದ ಒಂದು ಕೆಲಸ ಬರೆಯಿರಿ. ಮಾಡಲು ಏನೂ ಇಲ್ಲದಿದ್ದರೆ "ಇದರಲ್ಲಿ ನನ್ನ ಕೆಲಸ ಇಲ್ಲ" ಎಂದು ಬರೆಯಿರಿ. ಕರ್ತನ ಪ್ರಾರ್ಥನೆ ಹೇಳಿ, ನಿದ್ದೆ ಎಳೆದಾಗ ಮಾತ್ರ ಮಲಗಿ.

ಇದು ಎರಡು ವಾರಕ್ಕಿಂತ ಹೆಚ್ಚು ನಡೆದರೆ, ಊಟ ಸೇರದಿದ್ದರೆ, ಹಳೆಯ ಘಟನೆ ಈಗ ನಡೆದಂತೆಯೇ ಕಣ್ಣಿಗೆ ಕಟ್ಟಿ ಮೈ ನಡುಗಿದರೆ ವೈದ್ಯರನ್ನು ಕಾಣಿ. ಟೆಲಿ ಮನಸ್ ಸಹಾಯವಾಣಿ 14416, ದಿನದ ಯಾವ ಹೊತ್ತಿನಲ್ಲೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಎಂಬ ಯೋಚನೆ ಬಂದರೆ ಬೆಳಗಾಗುವವರೆಗೆ ಕಾಯಬೇಡಿ. ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸಿ ಹೇಳಿ, ಆಗಲೇ ಫೋನ್ ಮಾಡಿ. ಮಾತ್ರೆ ಶುರುವಾದ ಮೇಲೆ ಪ್ರಾರ್ಥನೆ ಸಾಕೆಂದು ಯಾರು ಹೇಳಿದರೂ, ಬರೆದುಕೊಟ್ಟ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.